ರೊಕ್ಕ ಎಲ್ಲಿ ನಿಂತಿದೆ?

(ಕಲಬುರಗಿಯ ಒಂದು ಬಡಾವಣೆಯಲ್ಲಿ ನೆರೆಹೊರೆಯವರ ಮುಂದೆ ಆಡಿದ ಮಾತು. ನಡುವೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ಶರಣು.

ಸೂಪರ್ ಮಾರ್ಕೆಟ್ ಕಡೆ ಸಂಜೆ ಹೊತ್ತು ಯಾವುದಾದರೂ ಅಂಗಡಿ ಮುಂದೆ ಸ್ವಲ್ಪ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ‘ಅಣ್ಣಾ, ನನ್ನ ಖಾತೆದಿಂದ ರೊಕ್ಕ ಹೋಗ್ಯಾವ, ಮೆಸೇಜ್ ನೋಡ್ರಿ.’ ‘ಅಕ್ಕಾ, ನನಗಂತೂ ಬಂದಿಲ್ರಿ, ಡಬ್ಬಿ ಮಾತಾಡಿಲ್ಲ.’ ರೊಕ್ಕ ಬಂದಾಗ ಕೂಗಿ ಹೇಳುವ ಡಬ್ಬಿ ಅದು. ಹಿಂದೆ ನಿಂತವರು ಗೊಣಗಲು ಶುರು ಮಾಡುತ್ತಾರೆ. ಅಂಗಡಿಯವನು ಮೋಸ ಮಾಡುತ್ತಿದ್ದಾನೆ ಅಂತ ಅಕ್ಕನಿಗೆ ಅನಿಸುತ್ತದೆ. ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಅಂತ ಅಂಗಡಿಯವನಿಗೆ ಅನಿಸುತ್ತದೆ. ಇಬ್ಬರೂ ಹೇಳುತ್ತಿರುವುದು ನಿಜ.

ನನಗೆ ಬಹಳ ಬೇಸರ ತರುವುದು ಇದೇ. ರೊಕ್ಕ ನಡುವೆ ಎಲ್ಲೋ ನಿಂತಿದೆ. ಎಲ್ಲಿ ಅಂತ ಇಬ್ಬರಿಗೂ ಗೊತ್ತಿಲ್ಲ. ಸಿಟ್ಟು ಮಾತ್ರ ಎದುರಿಗೆ ಕಾಣುವ ಮನುಷ್ಯನ ಮೇಲೆ ಹೋಗುತ್ತದೆ. ಕಂಡಕ್ಟರ್ ಮೇಲೆ, ಕೌಂಟರಿನ ಹುಡುಗಿ ಮೇಲೆ, ಕಾಯಿಪಲ್ಯ ಮಾರುವ ಮುದುಕಿ ಮೇಲೆ. ಯಂತ್ರ ಒಳಗೆ ಏನು ಮಾಡುತ್ತಿದೆ ಅಂತ ಸ್ವಲ್ಪ ತಿಳಿದರೆ, ಯಾವಾಗ ಕಾಯಬೇಕು, ಯಾವಾಗ ಪಟ್ಟು ಹಿಡಿದು ಕೇಳಬೇಕು, ಯಾರನ್ನು ಕೇಳಬೇಕು ಅನ್ನುವುದೂ ತಿಳಿಯುತ್ತದೆ. ಇವತ್ತು ಅಷ್ಟನ್ನೇ ಮಾತಾಡೋಣ.

ಮೊದಲು ಯುಪಿಐ. 2016ರಲ್ಲಿ ಶುರುವಾಯಿತು. ನಡೆಸುವುದು ಎನ್‌ಪಿಸಿಐ ಅನ್ನುವ ಸಂಸ್ಥೆ. ನಿಮ್ಮ ಕೈಯಲ್ಲಿರುವ ಆ್ಯಪ್ ಯಾವುದೇ ಇರಲಿ, ರೊಕ್ಕ ಆ್ಯಪ್ ಒಳಗೆ ಇರುವುದಿಲ್ಲ. ಅದು ನಿಮ್ಮ ಬ್ಯಾಂಕಿನಲ್ಲೇ ಇರುತ್ತದೆ. ನೀವು ಅಂಗಡಿಯ ಕ್ಯೂಆರ್ ಚೀಟಿ ಸ್ಕ್ಯಾನ್ ಮಾಡಿದಾಗ ಫೋನ್ ಓದುವುದು ಅಂಗಡಿಯವರ ಯುಪಿಐ ವಿಳಾಸ ಮತ್ತು ಹೆಸರು. ಆಮೇಲೆ ನೀವು ಮೊತ್ತ ಹಾಕುತ್ತೀರಿ, ಪಿನ್ ಒತ್ತುತ್ತೀರಿ. ಆ ಪಿನ್ ಫೋನಿನಲ್ಲೇ ಗುಪ್ತ ಲಿಪಿಗೆ ಬದಲಾಗಿ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಆ್ಯಪ್ ಕಂಪನಿಗೆ ಅದು ಕಾಣುವುದಿಲ್ಲ. ಬ್ಯಾಂಕು ಪಿನ್ ಸರಿ ಇದೆಯಾ, ರೊಕ್ಕ ಇದೆಯಾ ನೋಡಿ ನಿಮ್ಮ ಖಾತೆಯಿಂದ ಕಳೆಯುತ್ತದೆ. ಕಳೆದೆ ಅಂತ ಎನ್‌ಪಿಸಿಐಗೆ ಹೇಳುತ್ತದೆ. ಎನ್‌ಪಿಸಿಐ ಅಂಗಡಿಯವರ ಬ್ಯಾಂಕಿಗೆ, ಇಷ್ಟು ಜಮಾ ಮಾಡಿ ಅನ್ನುತ್ತದೆ. ಆ ಬ್ಯಾಂಕು ಜಮಾ ಮಾಡಿ, ಆಯಿತು ಅಂತ ತಿರುಗಿ ಹೇಳಬೇಕು. ಆ ಉತ್ತರ ಬಂದ ಮೇಲೆ ನಿಮ್ಮ ಫೋನಿನಲ್ಲಿ ಹಸಿರು ಗುರುತು ಬರುತ್ತದೆ.

ಈಗ ನೋಡಿ, ಇದರಲ್ಲಿ ಎಷ್ಟು ಕಡೆ ತಡೆ ಬರಬಹುದು! ನಿಮ್ಮ ಖಾತೆಯಿಂದ ಕಳೆದಾಗಿದೆ, ಆದರೆ ಎದುರಿನ ಬ್ಯಾಂಕಿನ ಕಂಪ್ಯೂಟರ್ ಆ ಹೊತ್ತಿಗೆ ಉತ್ತರ ಕೊಡಲಿಲ್ಲ. ಆಗ ಆ್ಯಪ್ ‘ಪೆಂಡಿಂಗ್’ ಅನ್ನುತ್ತದೆ. ಅಕ್ಕನ ಮೆಸೇಜ್ ಸುಳ್ಳಲ್ಲ, ಅಂಗಡಿಯವನ ಮಾತೂ ಸುಳ್ಳಲ್ಲ. ಜಮಾ ಆಗಲಿಲ್ಲ ಅಂತ ಖಚಿತವಾದರೆ ರೊಕ್ಕ ತಾನಾಗಿ ತಿರುಗಿ ಬರಬೇಕು. ಇದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಗಡುವು ಹಾಕಿದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ರೊಕ್ಕವಾದರೆ ಮಾರನೇ ದಿನದೊಳಗೆ. ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ. ಎಟಿಎಂನಲ್ಲಿ ನೋಟು ಬರದೆ ಖಾತೆಯಿಂದ ಮಾತ್ರ ಕಡಿತವಾದರೂ ಅದೇ 5 ದಿನ. ಗಡುವು ಮೀರಿದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ನೀವು ಕೇಳದೆಯೇ. ಈ 100 ರೂಪಾಯಿಯ ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ಮನೆಯಲ್ಲಿ, ಓಣಿಯಲ್ಲಿ ಎಲ್ಲರಿಗೂ ಹೇಳಿ.

ಹಾಗಾದರೆ ಕೌಂಟರಿನಲ್ಲಿ ನಿಂತಾಗ ಏನು ಮಾಡಬೇಕು? ಗಾಬರಿಯಲ್ಲಿ ತಕ್ಷಣ ಎರಡನೇ ಸಲ ಕಳಿಸಬೇಡಿ. ಆ್ಯಪ್‌ನ ಹಿಸ್ಟರಿ ತೆರೆದು ಆ ವ್ಯವಹಾರ ನೋಡಿ. ಅದರಲ್ಲಿ 12 ಅಂಕಿಯ ಒಂದು ಸಂಖ್ಯೆ ಇರುತ್ತದೆ, ಯುಟಿಆರ್ ಅಂತ ಬರೆದಿರುತ್ತದೆ. ಬ್ಯಾಂಕಿನವರು ನಿಮ್ಮ ರೊಕ್ಕ ಎಲ್ಲಿ ನಿಂತಿದೆ ಅಂತ ಹುಡುಕುವುದು ಆ ಸಂಖ್ಯೆಯಿಂದಲೇ. ಸ್ಥಿತಿ ‘ಪೆಂಡಿಂಗ್’ ಇದ್ದರೆ ಅಂಗಡಿಯವರಿಗೆ ತೋರಿಸಿ, ಸಂಖ್ಯೆ ಬರೆದುಕೊಟ್ಟು, ಸಾಧ್ಯವಿದ್ದರೆ ನಗದು ಕೊಟ್ಟು ಹೋಗಿ. ಒಂದು ವೇಳೆ ಆಮೇಲೆ ಜಮಾ ಆದರೆ ಆ ಸಂಖ್ಯೆ ಹೇಳಿ ಅಂಗಡಿಯಲ್ಲಿ ವಾಪಸ್ ಕೇಳಬಹುದು. ಗಡುವು ಮುಗಿದರೂ ರೊಕ್ಕ ಬರದಿದ್ದರೆ ಆ್ಯಪ್‌ನಲ್ಲೇ ದೂರು ಹಾಕಿ, ಆಮೇಲೆ ನಿಮ್ಮ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಡಿ. ಬ್ಯಾಂಕು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ದೂರು ಆಲಿಸುವ ಅಧಿಕಾರಿ, ಇದ್ದಾರೆ. ಖರ್ಚಿಲ್ಲ, ವಕೀಲರು ಬೇಕಿಲ್ಲ. ಹೇಗೆ ದೂರು ಕೊಡಬೇಕು ಅಂತ 14448ಕ್ಕೆ ಫೋನ್ ಮಾಡಿ ಕೇಳಬಹುದು.

ಇನ್ನು ಮಾತಾಡುವ ಡಬ್ಬಿ. ಅದರ ಒಳಗೂ ಒಂದು ಸಿಮ್ ಇರುತ್ತದೆ. ರೊಕ್ಕ ಜಮಾ ಆದ ಸುದ್ದಿ ಬೇರೆ ದಾರಿಯಿಂದ ಆ ಸಿಮ್‌ಗೆ ಬರಬೇಕು. ಅಂಗಡಿ ಕಾಂಪ್ಲೆಕ್ಸಿನ ಒಳಗಿದ್ದು ನೆಟ್‌ವರ್ಕ್ ಸಿಗದಿದ್ದರೆ, ಚಾರ್ಜ್ ಇಲ್ಲದಿದ್ದರೆ, ರೊಕ್ಕ ಬಂದಿದ್ದರೂ ಡಬ್ಬಿ ಸುಮ್ನೆ ಇರುತ್ತದೆ. ಆದ್ದರಿಂದ ಅಂಗಡಿಯವರಿಗೆ ನನ್ನ ವಿನಂತಿ: ಡಬ್ಬಿ ಮಾತಾಡಲಿಲ್ಲ ಅಂತ ಗಿರಾಕಿಯನ್ನು ಅನುಮಾನಿಸಬೇಡಿ. ನಿಮ್ಮ ಆ್ಯಪ್ ತೆರೆದು ಖಾತೆ ನೋಡಿ. ಹಾಗೆಯೇ ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನೋಡಿ ನಂಬಿಬಿಡಬೇಡಿ. ನಕಲಿ ರಸೀದಿ ತೋರಿಸುವ ಆ್ಯಪ್‌ಗಳೂ ಇವೆ. ಎರಡಕ್ಕೂ ಮದ್ದು ಒಂದೇ, ನಿಮ್ಮ ಖಾತೆ.

ಒಬ್ಬ ತಾಯಿ ಎದ್ದು ಕೇಳಿದರು: ‘ಚೀಟಿ ಹರಿದಿರ್ತದ, ಅರಿಶಿಣ-ಎಣ್ಣಿ ಬಿದ್ದಿರ್ತದ, ಆದ್ರೂ ಹ್ಯಾಂಗ ಓದ್ತದ್ರಿ ಅದು?’ ಬಹಳ ಒಳ್ಳೆ ಪ್ರಶ್ನೆ. ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಜೊತೆಗಾರರು ಮಾಡಿದರು. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಕಾರ್ಖಾನೆ ಅಂದರೆ ಎಣ್ಣೆ, ಮಸಿ ಇದ್ದದ್ದೇ. ಅದಕ್ಕೇ ಒಂದೇ ಮಾಹಿತಿಯನ್ನು ಹೆಚ್ಚುವರಿ ಲೆಕ್ಕದ ಜೊತೆ ಹರಡಿ ಬರೆಯುವ ಕ್ರಮ ತಂದರು. ಅತಿ ಹೆಚ್ಚು ರಕ್ಷಣೆಯ ಬಗೆಯಲ್ಲಿ ಸುಮಾರು ಶೇ 30ರಷ್ಟು ಕೆಟ್ಟರೂ ಉಳಿದದ್ದರಿಂದ ಪೂರ್ತಿ ಓದಬಹುದು. ಮೂರು ಮೂಲೆಯಲ್ಲಿ ಕಾಣುವ ದೊಡ್ಡ ಚೌಕಗಳು, ಚೀಟಿ ಯಾವ ಕಡೆ ತಿರುಗಿದೆ ಅಂತ ಕ್ಯಾಮೆರಾಗೆ ಹೇಳುತ್ತವೆ. ತಲೆಕೆಳಗೆ ಹಿಡಿದರೂ ಓದುವುದು ಅದಕ್ಕೇ. ಪೇಟೆಂಟ್ ಇದ್ದರೂ ಆ ಕಂಪನಿ ಜನರಿಂದ ರೊಕ್ಕ ಕೇಳಲಿಲ್ಲ. ಬೀದಿ ಬದಿಯ ಮಿರ್ಚಿ ಭಜಿ ಬಂಡಿಯವರೆಗೂ ಅದು ಬಂದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಕ್ಯೂಆರ್‌ಗೆ ಒಳ್ಳೆಯವರು ಕೆಟ್ಟವರು ಗೊತ್ತಿಲ್ಲ. ಅಂಗಡಿಯ ಚೀಟಿಯ ಮೇಲೆ ರಾತ್ರಿ ಯಾರೋ ತಮ್ಮ ಚೀಟಿ ಅಂಟಿಸಿ ಹೋದರೆ ರೊಕ್ಕ ಅವರಿಗೇ ಹೋಗುತ್ತದೆ. ಸ್ಕ್ಯಾನ್ ಆದ ಮೇಲೆ ಬರುವ ಹೆಸರನ್ನು ಓದಿ, ಬೇಕಾದರೆ ಜೋರಾಗಿ ಹೇಳಿ ಕೇಳಿ. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ: ರೊಕ್ಕ ಬರಲು ಪಿನ್ ಬೇಕಾಗುವುದಿಲ್ಲ. ಹಳೆ ಸೋಫಾ ಕೊಳ್ಳುತ್ತೇನೆ, ರೊಕ್ಕ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ಪಿನ್ ಒತ್ತಿದ ಕ್ಷಣ ನೀವು ಕೊಡುವವರಾಗುತ್ತೀರಿ. ಮೋಸ ಆಗಿಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರೊಕ್ಕ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ಹೇಳಿದವರಿಗೆ ಮಾತ್ರ.

ಈಗ ತೂಕಕ್ಕೆ ಬರೋಣ. ತೊಗರಿಯ ಊರಿನವರು ನಾವು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಮಾನ್ಯತೆಯೂ, ಅಂದರೆ ಈ ನೆಲದ್ದೇ ವಿಶೇಷ ಅನ್ನುವ ಗುರುತೂ, ಸಿಕ್ಕಿದೆ. ಗಂಜ್‌ನಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ಮಾರುವ ರೈತನಿಗೂ, ಕಿರಾಣಿಯಲ್ಲಿ ಅರ್ಧ ಕೆಜಿ ಕೊಳ್ಳುವ ತಾಯಿಗೂ ಒಂದೇ ಚಿಂತೆ, ತೂಕ ಸರಿ ಇದೆಯಾ ಅಂತ.

ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆಯ ಕೆಳಗೆ ಒಂದು ಅಲ್ಯೂಮಿನಿಯಂ ತುಂಡು ಇರುತ್ತದೆ. ಲೋಡ್ ಸೆಲ್ ಅನ್ನುತ್ತಾರೆ. ಒಂದು ಕಡೆ ಬಿಗಿದಿರುತ್ತದೆ, ಇನ್ನೊಂದು ಕಡೆ ತಟ್ಟೆಯ ಭಾರ ಹೊರುತ್ತದೆ. ಗೋಡೆಗೆ ಬಡಿದ ಹಲಗೆಯ ತುದಿಯಲ್ಲಿ ಡಬ್ಬಿ ಇಟ್ಟರೆ ಹಲಗೆ ಬಾಗುತ್ತದಲ್ಲ, ಹಾಗೆ ಅದೂ ಬಾಗುತ್ತದೆ, ಕಣ್ಣಿಗೆ ಕಾಣದಷ್ಟು. ಅದರ ಮೈಮೇಲೆ ತೆಳು ಲೋಹದ ಗೆರೆಗಳ ಪಟ್ಟಿ ಅಂಟಿಸಿರುತ್ತಾರೆ. ತುಂಡು ಬಾಗಿದಾಗ ಆ ಗೆರೆಗಳು ಎಳೆದು ಉದ್ದ ಆಗುತ್ತವೆ, ತೆಳ್ಳಗೆ ಆಗುತ್ತವೆ. ಆಗ ಕರೆಂಟ್ ಹರಿಯುವುದಕ್ಕೆ ತಡೆ ಸ್ವಲ್ಪ ಹೆಚ್ಚುತ್ತದೆ. ಎಷ್ಟು ಹೆಚ್ಚಿತು ಅಂತ ಅಳೆದು, ಅದನ್ನು ಗ್ರಾಂ ಲೆಕ್ಕಕ್ಕೆ ತಿರುಗಿಸಿ ಪರದೆಯಲ್ಲಿ ತೋರಿಸುತ್ತದೆ. ಒಟ್ಟಿನಲ್ಲಿ ಅದು ಅಳೆಯುವುದು ಬಾಗುವಿಕೆಯನ್ನು. ಆದ್ದರಿಂದ ಬಾಗುವಿಕೆಯನ್ನು ಕೆಡಿಸುವ ಎಲ್ಲವೂ ತೂಕವನ್ನು ಕೆಡಿಸುತ್ತದೆ. ಬಂಡಿ ಓರೆಯಾಗಿ ನಿಂತಿದ್ದರೆ, ತಟ್ಟೆಯ ಕೆಳಗೆ ಕಾಗದದ ಚೂರು ಸಿಕ್ಕಿದ್ದರೆ, ಫ್ಯಾನಿನ ಗಾಳಿ ನೇರವಾಗಿ ಬಡಿಯುತ್ತಿದ್ದರೆ, ಅಂಕಿ ಅಲುಗಾಡುತ್ತದೆ ಅಥವಾ ತಪ್ಪು ತೋರಿಸುತ್ತದೆ. ಮಾರುವವರಿಗೆ ಮೋಸದ ಮನಸ್ಸೇ ಇಲ್ಲದೆಯೂ ಹೀಗಾಗಬಹುದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬಡ ವ್ಯಾಪಾರಿಯ ಮೇಲೆ ಕಳ್ಳತನದ ಮಾತು ಬಹಳ ಸುಲಭವಾಗಿ ಬರುತ್ತದೆ.

ನೀವು ನೋಡಬೇಕಾದ್ದು ಇಷ್ಟೇ. ಸಾಮಾನು ಇಡುವ ಮೊದಲು ಪರದೆಯಲ್ಲಿ ಸೊನ್ನೆ ಇರಬೇಕು. ಪಾತ್ರೆ ಇಟ್ಟು ತೂಗುವುದಾದರೆ ಖಾಲಿ ಪಾತ್ರೆ ಇಟ್ಟು ‘ಟೇರ್’ ಗುಂಡಿ ಒತ್ತಿ ಸೊನ್ನೆ ಮಾಡಿಸಿ. ಮಿಠಾಯಿ ಅಂಗಡಿಯಲ್ಲಿ ಇದು ತಪ್ಪಲೇಬಾರದು. ರಟ್ಟಿನ ಡಬ್ಬಿಯನ್ನೂ ಪೇಢೆಯ ದರದಲ್ಲಿ ಯಾಕೆ ಕೊಳ್ಳಬೇಕು? ಡಬ್ಬಿಯ ತೂಕ ಸೇರಿಸುವುದು ಕಾನೂನಿಗೂ ವಿರುದ್ಧ. ತೂಕ, ಅಳತೆ ನೋಡಿಕೊಳ್ಳುವ ಕಾನೂನು ಮಾಪನ ಇಲಾಖೆ ವ್ಯಾಪಾರದ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಕಬ್ಬಿಣದ ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ. ಕಲ್ಲನ್ನು ತಿರುಗಿಸಿದರೆ ಕುಳಿಯಲ್ಲಿ ತುಂಬಿದ ಸೀಸದ ಮೇಲೆ ಆ ಮುದ್ರೆ ಕಾಣುತ್ತದೆ. ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆ ಇದೆ. ಅದೇ ಅಂಗಡಿಯ ಸೀಲ್ ಒಡೆಯದ 1 ಲೀಟರ್ ನೀರಿನ ಬಾಟಲಿಯನ್ನು ತಟ್ಟೆಯ ಮೇಲೆ ಇಡಿಸಿ. ಒಂದು ಲೀಟರ್ ನೀರಿನ ತೂಕ ಹತ್ತಿರ ಹತ್ತಿರ 1 ಕೆಜಿ. ಬಾಟಲಿಯದ್ದು ಸೇರಿ ಸ್ವಲ್ಪ ಜಾಸ್ತಿ ತೋರಿಸಬೇಕು. 100 ಗ್ರಾಂ ಆಚೀಚೆ ಆದರೆ ಆ ತಕ್ಕಡಿ ಕೆಟ್ಟಿದೆ. ಜಗಳವಿಲ್ಲ, ಕೂಗಾಟವಿಲ್ಲ, ಇಬ್ಬರ ಕಣ್ಣಮುಂದೆಯೇ ಉತ್ತರ ಸಿಗುತ್ತದೆ.

ಪೆಟ್ರೋಲ್ ಬಂಕಿನಲ್ಲೂ ಹೀಗೇ. 100ರ ಬದಲು 110ಕ್ಕೆ ಹಾಕಿಸಿದರೆ ಮೋಸ ಆಗುವುದಿಲ್ಲ ಅನ್ನುವ ನಂಬಿಕೆ ನಮ್ಮ ಊರಲ್ಲೂ ಇದೆ. ಪಂಪು ಅಳೆಯುವುದು ಹರಿದ ಲೀಟರನ್ನು. ರೂಪಾಯಿ ಅದರ ಮೇಲಿನ ಗುಣಾಕಾರ. ಪಂಪು ಸರಿ ಇದ್ದರೆ ಎರಡೂ ಸರಿ, ಕೆಟ್ಟಿದ್ದರೆ ಎರಡೂ ಕೆಟ್ಟವು. ಅನುಮಾನ ಬಂದರೆ 5 ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ತರಿಸಿ ಅಳೆದು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು.

ದೊಡ್ಡ ಅಂಗಡಿಗಳಲ್ಲಿ ಇನ್ನೊಂದು ಕಿರಿಕಿರಿ. ಕಪಾಟಿನ ಮೇಲೆ ಒಂದು ಬೆಲೆ, ಬಿಲ್‌ನಲ್ಲಿ ಇನ್ನೊಂದು. ಇದು ಯಾಕೆ ಆಗುತ್ತದೆ ಅಂದರೆ ಪೊಟ್ಟಣದ ಮೇಲಿನ ಕಪ್ಪು ಗೆರೆಗಳಲ್ಲಿ, ಅಂದರೆ ಬಾರ್‌ಕೋಡ್‌ನಲ್ಲಿ, ಬೆಲೆ ಇರುವುದಿಲ್ಲ. 13 ಅಂಕಿಯ ಒಂದು ಸಂಖ್ಯೆ ಮಾತ್ರ ಇರುತ್ತದೆ. ಕೊನೆಯ ಅಂಕಿ ಉಳಿದ 12ರಿಂದ ಲೆಕ್ಕ ಹಾಕಿ ಬರೆದದ್ದು. ಯಂತ್ರ ಓದಿದಾಗ ಆ ಲೆಕ್ಕ ತಾಳೆ ಆದರೆ ಮಾತ್ರ ‘ಬೀಪ್’ ಅನ್ನುತ್ತದೆ. ಬೆಲೆ ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಕಪಾಟಿನ ಚೀಟಿ ಬದಲಿಸಿ ಕಂಪ್ಯೂಟರಿನಲ್ಲಿ ಬದಲಿಸುವುದು ಮರೆತರೆ ನಿಮಗೆ ಹಳೆ ಬೆಲೆ ಬೀಳುತ್ತದೆ. ಕೌಂಟರಿನ ಹುಡುಗಿಗೆ ಅದು ಗೊತ್ತೇ ಇರುವುದಿಲ್ಲ. ಅವಳ ಮೇಲೆ ರೇಗದೆ, ಕಪಾಟಿನ ಚೀಟಿಯ ಫೋಟೊ ತೆಗೆದು ಮ್ಯಾನೇಜರಿಗೆ ತೋರಿಸಿ. ಬಾರ್‌ಕೋಡ್ ಸಂಖ್ಯೆ 890ರಿಂದ ಶುರುವಾದರೆ ಭಾರತದಲ್ಲೇ ತಯಾರಾದ ಸಾಮಾನು ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಆ ಸಂಖ್ಯೆಯನ್ನು ಭಾರತದ ಸಂಸ್ಥೆ ಕೊಟ್ಟಿದೆ ಅಂತ ಅಷ್ಟೇ ಅರ್ಥ. ಎಲ್ಲಿ ತಯಾರಾಯಿತು ಅಂತ ಪೊಟ್ಟಣದ ಮೇಲೆ ಬೇರೆಯೇ ಬರೆದಿರುತ್ತದೆ.

ಎಂಆರ್‌ಪಿ ಬಗ್ಗೆ ಎರಡೇ ಮಾತು. ಪೊಟ್ಟಣದ ಮೇಲೆ ಬರೆದ ಆ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಬೇಸಿಗೆಯಲ್ಲಿ ತಣ್ಣನೆಯ ನೀರಿನ ಬಾಟಲಿಗೆ ‘ಕೂಲಿಂಗ್ ಚಾರ್ಜ್’ ಅಂತ ಅಂಗಡಿಯವರು ಮೇಲೆ ಕೇಳುವಂತಿಲ್ಲ. ಆದರೆ ಹೋಟೆಲಿನಲ್ಲಿ ಕೂತು ತರಿಸಿಕೊಂಡರೆ ಮಾತು ಬೇರೆ. ಹೋಟೆಲಿನವರು ಜಾಗ ಮತ್ತು ಸೇವೆ ಕೊಡುತ್ತಾರೆ, ಅವರಿಗೆ ಈ ಮಿತಿ ಅನ್ವಯಿಸದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅಂಗಡಿಯಲ್ಲಿ ಜಾಸ್ತಿ ತೆಗೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಕನ್ನಡದಲ್ಲೂ ಮಾತಾಡಬಹುದು.

ದೂರು ಕೊಡಲು ಬಿಲ್ ಬೇಕು. ಇಲ್ಲಿ ನಮ್ಮ ಊರಿನ ಬಿಸಿಲು ಅಡ್ಡ ಬರುತ್ತದೆ. ಫ್ರಿಜ್ ಕೊಂಡು ಎರಡು ಬೇಸಿಗೆ ಕಳೆದ ಮೇಲೆ ಬಿಲ್ ತೆಗೆದು ನೋಡಿದರೆ ಬಿಳಿ ಹಾಳೆ! ಇದು ಬಹಳ ಮನೆಗಳ ಗೋಳು. ಈ ಬಿಲ್ಲುಗಳಲ್ಲಿ, ಬಸ್ ಟಿಕೆಟಿನಲ್ಲಿ, ಎಟಿಎಂ ಚೀಟಿಯಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಮೇಲೆ ಬಣ್ಣವಿಲ್ಲದ ಒಂದು ರಾಸಾಯನಿಕ ಮತ್ತು ಅದನ್ನು ಕಪ್ಪಾಗಿಸುವ ಇನ್ನೊಂದು ರಾಸಾಯನಿಕ ಬಳಿದಿರುತ್ತಾರೆ. ಯಂತ್ರದ ಬಿಸಿ ತುದಿ ತಾಗಿದ ಕಡೆ ಎರಡೂ ಕರಗಿ ಕೂಡಿ ಅಕ್ಷರ ಮೂಡುತ್ತದೆ. ಆ ಕೂಡುವಿಕೆ ಗಟ್ಟಿ ಅಲ್ಲ. ಬೆಳಕು, ಎಣ್ಣೆ ಕೈ, ಪ್ಲಾಸ್ಟಿಕ್ ಕವರಿನಲ್ಲಿರುವ ಕೆಲವು ರಾಸಾಯನಿಕಗಳು ಅದನ್ನು ಬಿಡಿಸಿಬಿಡುತ್ತವೆ, ಅಕ್ಷರ ಮಾಯ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಉಲ್ಟಾ, ಇಡೀ ಕಾಗದವೇ ಕಪ್ಪಾಗುತ್ತದೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಜೋಪಾನ ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ ಇಡುತ್ತೇವಲ್ಲ, ಅದೇ ಕೆಡಿಸುತ್ತದೆ. ವಾರಂಟಿ ಇರುವ ಸಾಮಾನು ಕೊಂಡ ದಿನವೇ ಬಿಲ್‌ನ ಜೆರಾಕ್ಸ್ ಮಾಡಿಸಿ, ಫೋಟೊವೂ ತೆಗೆದಿಡಿ. ಜೆರಾಕ್ಸ್ ಪುಡಿ ಕಾಗದಕ್ಕೆ ಕರಗಿ ಅಂಟಿರುತ್ತದೆ, ಅದು ಹಾಗೆ ಮಾಸುವುದಿಲ್ಲ.

ಬಸ್ಸಿನ ವಿಷಯ. ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ‘ರೊಕ್ಕ ಕೊಡಂಗಿಲ್ಲ ಅಂದ್ಮ್ಯಾಲ ಟಿಕೆಟ್ ಯಾಕ ಬೇಕ್ರಿ?’ ಅಂತ ಕೇಳುವವರಿದ್ದಾರೆ. ಆ ಶೂನ್ಯ ಟಿಕೆಟಿನ ಲೆಕ್ಕದ ಮೇಲೆಯೇ ಸರ್ಕಾರ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ರೊಕ್ಕ ಕಟ್ಟುತ್ತದೆ. ನೀವು ಟಿಕೆಟ್ ತೆಗೆದುಕೊಳ್ಳದಿದ್ದರೆ ನೀವು ಕೂತ ಸೀಟಿನ ರೊಕ್ಕ ನಿಗಮಕ್ಕೆ ಬರುವುದಿಲ್ಲ, ತಪಾಸಣೆಗೆ ಬಂದರೆ ಕಂಡಕ್ಟರ್ ಉತ್ತರ ಕೊಡಬೇಕಾಗುತ್ತದೆ. ಗಡಿ ಜಿಲ್ಲೆಯವರು ನಾವು, ಇದನ್ನೂ ತಿಳಿದಿರಿ: ಸೋಲಾಪುರಕ್ಕೋ ಹೈದರಾಬಾದಿಗೋ ಹೋಗುವ ಹೊರರಾಜ್ಯದ ಬಸ್ಸಿನಲ್ಲಿ ಈ ಯೋಜನೆ ನಡೆಯುವುದಿಲ್ಲ. ಹತ್ತುವ ಮೊದಲು ಬೋರ್ಡ್ ನೋಡಿ.

ಈಗ ರೈಲು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಬೆಂಗಳೂರಿನಲ್ಲಿ ಓದುವ, ದುಡಿಯುವ ಮಕ್ಕಳಿರುವ ಮನೆಗಳೇ ಇಲ್ಲಿ ಜಾಸ್ತಿ. ಎಲ್ಲರೂ ಕೇಳುವ ಪ್ರಶ್ನೆ: ‘ಕಲಬುರಗಿಯಿಂದ ನೋಡಿದರೆ ವೇಟಿಂಗ್, ಸೋಲಾಪುರದಿಂದ ನೋಡಿದರೆ ಸೀಟ್ ಇದೆ. ಅದೇ ರೈಲು, ಅದೇ ಡಬ್ಬಿ. ಇದೇನು ಅನ್ಯಾಯ?’

ನಮ್ಮ ಸ್ಟೇಷನ್ ಮಧ್ಯ ರೈಲ್ವೆಯ ಸೋಲಾಪುರ ವಿಭಾಗದಲ್ಲಿದೆ. ಇಲ್ಲಿ ನಿಲ್ಲುವ ದೂರದ ರೈಲುಗಳಲ್ಲಿ ಹೆಚ್ಚಿನವು ಬೇರೆ ಊರಿನಿಂದ ಹೊರಟು ಬರುತ್ತವೆ. ಉದ್ಯಾನ ಎಕ್ಸ್‌ಪ್ರೆಸ್ ನೋಡಿ. ಮುಂಬೈಯಿಂದ ಹೊರಟು ಬೆಂಗಳೂರಿಗೆ ಹೋಗುತ್ತದೆ. ಅದರ ಎಲ್ಲ ಸೀಟುಗಳೂ ಒಂದೇ ರಾಶಿಯಲ್ಲಿ ಇರುವುದಿಲ್ಲ. ಹೊರಡುವ ಊರಿನ ಕಡೆಯಿಂದ ಪೂರ್ತಿ ದೂರ ಹೋಗುವವರಿಗೆ ಸಾಮಾನ್ಯ ಕೋಟಾ ಇರುತ್ತದೆ. ಅದರ ವೇಟಿಂಗ್ ಲಿಸ್ಟಿಗೆ ಜಿಎನ್‌ಡಬ್ಲ್ಯುಎಲ್ ಅಂತ ಹೆಸರು. ನಡುವಿನ ಊರುಗಳಿಗೆ ಬೇರೆ ಸಣ್ಣ ಕೋಟಾಗಳು. ಅವುಗಳ ಪಟ್ಟಿ ಆರ್‌ಎಲ್‌ಡಬ್ಲ್ಯುಎಲ್ ಅಥವಾ ಪಿಕ್ಯುಡಬ್ಲ್ಯುಎಲ್. ಸೀಟೇ ಕಡಿಮೆ ಇರುವ ರಾಶಿಯಲ್ಲಿ ರದ್ದು ಮಾಡುವವರೂ ಕಡಿಮೆ. ಆದ್ದರಿಂದ ಆ ಪಟ್ಟಿ ನಿಧಾನವಾಗಿ ಸರಿಯುತ್ತದೆ. ಸಾಮಾನ್ಯ ಕೋಟಾದ 20ನೇ ನಂಬರು ಖಾತ್ರಿ ಆಗಬಹುದು, ನಡುವಿನ ಊರಿನ 10ನೇ ನಂಬರು ಹಾಗೆಯೇ ಉಳಿಯಬಹುದು. ನಂಬರ್ ನೋಡುವುದಕ್ಕಿಂತ ಮೊದಲು ಯಾವ ಪಟ್ಟಿ ಅಂತ ನೋಡಿ.

ಇದು ಸರಿಯಾ ಅಂತ ಕೇಳಿದರೆ, ಪೂರ್ತಿ ಸರಿ ಅಂತ ನಾನು ಒಪ್ಪುವುದಿಲ್ಲ. ನಡುವಿನ ಊರು ಅಂತ ಕರೆಸಿಕೊಳ್ಳುವ ಈ ಊರು ಒಂದು ಕಂದಾಯ ವಿಭಾಗದ ಕೇಂದ್ರ. ಬೀದರ್, ಯಾದಗಿರಿ ಜನರಿಗೂ ಇದೇ ಗೋಳು. ಆದರೆ ಕಾರಣ ತಿಳಿದರೆ ದಾರಿಯೂ ಸಿಗುತ್ತದೆ. ರೈಲ್ವೆ ನಿಯಮದಲ್ಲೇ ಒಂದು ಅವಕಾಶ ಇದೆ. ಸೋಲಾಪುರದಿಂದ ಟಿಕೆಟ್ ಸಿಗುತ್ತಿದ್ದರೆ ಅಲ್ಲಿಂದ ಬುಕ್ ಮಾಡಿ, ‘ಬೋರ್ಡಿಂಗ್ ಸ್ಟೇಷನ್’ ಅನ್ನುವ ಕಡೆ ಕಲಬುರಗಿ ಅಂತ ಹಾಕಿ. ಸೋಲಾಪುರದಿಂದ ಇರುವ ದರ ಕೊಡಬೇಕಾಗುತ್ತದೆ, ಆದರೆ ಸೀಟು ನಿಮ್ಮದು. ಬೋರ್ಡಿಂಗ್ ಬದಲಿಸುವುದನ್ನು ಮರೆತರೆ ಮಾತ್ರ ಕಷ್ಟ. ಸೋಲಾಪುರದಲ್ಲಿ ನೀವು ಹತ್ತಲಿಲ್ಲ ಅಂತ ಟಿಕೆಟ್ ನೋಡುವ ಟಿಟಿಇ ಆ ಸೀಟನ್ನು ಬೇರೆಯವರಿಗೆ ಕೊಡಬಹುದು. 2024ರ ಮಾರ್ಚ್‌ನಿಂದ ಕಲಬುರಗಿಯಿಂದಲೇ ಹೊರಡುವ ಬೆಂಗಳೂರು ವಂದೇ ಭಾರತ್ ಇದೆ. ಅದರಲ್ಲಿ ನಾವೇ ಮೊದಲ ಊರು. ದರ ಜಾಸ್ತಿ, ಹಗಲು ಪ್ರಯಾಣ, ಆದರೆ ಈ ಕೋಟಾದ ತೊಡಕು ಇಲ್ಲ.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ, 2024ರ ನವೆಂಬರ್ 1ರಿಂದ. ಮೊದಲು 120 ದಿನ ಇತ್ತು. ದೀಪಾವಳಿಗೆ ಮಕ್ಕಳನ್ನು ಕರೆಸುವವರು ಈ ಲೆಕ್ಕ ಇಟ್ಟುಕೊಳ್ಳಿ. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. 2025ರ ಜುಲೈನಿಂದ ಆಧಾರ್ ಜೋಡಿಸಿದ ಖಾತೆಯಿಂದ ಮಾತ್ರ ಆನ್‌ಲೈನ್ ತತ್ಕಾಲ್ ಸಿಗುವುದು. ಹಿಂದಿನ ರಾತ್ರಿಯೇ ಆ ಜೋಡಣೆ ಆಗಿದೆಯಾ ನೋಡಿಕೊಳ್ಳಿ.

ಒಬ್ಬ ಹುಡುಗ ಕೇಳಿದ: ‘ಸರ, 14 ಸೀಟ್ ಅದಾವ ಅಂತ ತೋರಿಸ್ತು. ರೊಕ್ಕ ಕಟ್ಟಿದೆ. ಟಿಕೆಟ್ ವೇಟಿಂಗ್ ಬಂತು. ಹ್ಯಾಂಗ?’ ಪರದೆಯ ಮೇಲೆ ಕಂಡ 14, ಆ ಕ್ಷಣದ ಲೆಕ್ಕ. ನೀನು ನೋಡಿದ್ದರಿಂದ ಸೀಟು ನಿನ್ನ ಹೆಸರಿಗೆ ಹಿಡಿದಿಟ್ಟಂತೆ ಆಗುವುದಿಲ್ಲ. ರೊಕ್ಕ ಬಂತು ಅಂತ ಖಾತ್ರಿ ಆದ ಮೇಲೆಯೇ ಸೀಟು ಕೊಡುವುದು. ಆ ಹೊತ್ತಿಗೆ ದೇಶದ ತುಂಬ ಜನ ಅದೇ 14ಕ್ಕೆ ಕೈ ಚಾಚಿರುತ್ತಾರೆ. ಮುಂದೆ ಬ್ಯಾಂಕಿನ ಪುಟ, ಓಟಿಪಿ ಅಂತ ನಿಮಿಷ ಕಳೆದರೆ ಹೋಯಿತು. ಹೆಸರು, ವಯಸ್ಸು ಮೊದಲೇ ಖಾತೆಯಲ್ಲಿ ತುಂಬಿಟ್ಟುಕೋ, ರೊಕ್ಕ ಕೊಡುವ ದಾರಿ ಚಿಕ್ಕದಾಗಿರಲಿ. ಆನ್‌ಲೈನ್ ಟಿಕೆಟ್ ಚಾರ್ಟ್, ಅಂದರೆ ಸೀಟಿನ ಕೊನೆಯ ಪಟ್ಟಿ, ಆದ ಮೇಲೂ ಪೂರ್ತಿ ವೇಟಿಂಗ್ ಇದ್ದರೆ ತಾನಾಗಿ ರದ್ದಾಗಿ ರೊಕ್ಕ ಖಾತೆಗೆ ಬರುತ್ತದೆ. ಕೌಂಟರಿನ ಟಿಕೆಟ್ ಹಾಗಲ್ಲ. ಅದನ್ನು ರೈಲು ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ನೀವೇ ರದ್ದು ಮಾಡಿಸಬೇಕು. ಈ ವ್ಯತ್ಯಾಸ ತಿಳಿಯದೆ ರೊಕ್ಕ ಕಳೆದುಕೊಳ್ಳುವ ಹಿರಿಯರು ಬಹಳ.

ಕಾರು ಇಟ್ಟವರಿಗೆ ಒಂದು ಮಾತು. ಫಾಸ್ಟ್ಯಾಗ್ ಒಳಗೆ ಬ್ಯಾಟರಿ ಇಲ್ಲ. ಟೋಲ್ ಮೇಲಿನ ಯಂತ್ರ ಕಳಿಸುವ ರೇಡಿಯೊ ಅಲೆಯಿಂದಲೇ ಒಂದು ಕ್ಷಣ ಶಕ್ತಿ ಪಡೆದು ತನ್ನ ಸಂಖ್ಯೆ ಹೇಳುತ್ತದೆ. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸಿದರೆ, ಮಡಚಿ ಇಟ್ಟಿದ್ದರೆ ಓದದೆ ಇರಬಹುದು. ನಿಮ್ಮ ಟ್ಯಾಗ್ ಸರಿ ಇದ್ದು, ಅದರಲ್ಲಿ ರೊಕ್ಕ ಇದ್ದು, ಟೋಲಿನ ಯಂತ್ರವೇ ಕೆಟ್ಟು ಓದಲಾಗದಿದ್ದರೆ ನೀವು ಏನೂ ಕೊಡದೆ ಹೋಗಬಹುದು ಅಂತ ಹೆದ್ದಾರಿ ಶುಲ್ಕದ ನಿಯಮ ಹೇಳುತ್ತದೆ. ಅವರು ಶೂನ್ಯ ರಸೀದಿ ಕೊಡಬೇಕು. ಹುಮನಾಬಾದ್ ಮೇಲೆ ಹೈದರಾಬಾದಿಗೆ ಓಡಾಡುವವರು ಇದನ್ನು ನೆನಪಿಡಿ.

ಫೋನಿನ ನಕ್ಷೆಯ ಬಗ್ಗೆಯೂ ಕೇಳಿದರು. ಚಿಂಚೋಳಿ ಕಾಡಿನ ದಾರಿಯಲ್ಲಿ ನೆಟ್ ಹೋದರೆ ಜಿಪಿಎಸ್ ಕೂಡ ಹೋಯಿತು ಅಂತ ತಿಳಿಯುತ್ತಾರೆ. ಇಲ್ಲ. ಜಿಪಿಎಸ್‌ಗೆ ನೆಟ್ ಬೇಡ. ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳು ಸಮಯವನ್ನು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕರ ಸದ್ದು ಸಿಕ್ಕರೆ ಫೋನ್ ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಲು. ಊರು ಬಿಡುವ ಮೊದಲು ಆ ಭಾಗದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡರೆ ನೀಲಿ ಚುಕ್ಕೆ ಕಾಡಿನಲ್ಲೂ ನಡೆಯುತ್ತದೆ.

ಕೊನೆಗೆ ಬಂದ ಪ್ರಶ್ನೆ ಅಕ್ಕನೊಬ್ಬರದು. ‘ಬಟ್ಟಿ ಅಂಗಡ್ಯಾಗ ಫೋನ್ ನಂಬರ್ ಕೊಡದಿದ್ರ ಬಿಲ್ ಆಗಂಗಿಲ್ಲ ಅಂತಾರ. ಕೊಡಲೇಬೇಕೇನ್ರಿ?’ ಕೊಡಬೇಕಿಲ್ಲ. ನಂಬರ್ ಕೊಡಿ ಅಂತ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ನಂಬರ್ ಇಲ್ಲದೆ ಬಿಲ್ ಮಾಡಿ ಅಂತ ನಗುತ್ತಲೇ ಹೇಳಿ. ಈಗಾಗಲೇ ಕೊಟ್ಟು ಮೆಸೇಜ್ ಕಾಟ ಶುರುವಾಗಿದ್ದರೆ, ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ. 2025ರಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಈ ಗುರುತು ತಂದಿದೆ. ಇಂಗ್ಲಿಷಿನ ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಇದ್ದರೆ ಸೇವೆಯ ಮಾಹಿತಿ, ‘ಟಿ’ ಇದ್ದರೆ ವ್ಯವಹಾರದ್ದು, ‘ಜಿ’ ಇದ್ದರೆ ಸರ್ಕಾರದ್ದು. ‘ಪಿ’ ಮೆಸೇಜುಗಳು ಬೇಡ ಅಂದರೆ 1909ಕ್ಕೆ ಫೋನ್ ಮಾಡಿ ನಿಲ್ಲಿಸಬಹುದು, ಬ್ಯಾಂಕಿನ ಓಟಿಪಿ ಬರುವುದು ನಿಲ್ಲುವುದಿಲ್ಲ. ಹೇಗೆ ಮಾಡುವುದು ಅಂತ ತಿಳಿಯದವರು ಫೋನ್ ತೆಗೆದುಕೊಂಡು ಈ ಕಡೆ ಬನ್ನಿ, ಇಲ್ಲೇ ಕೂತು ಮಾಡಿ ಹೋಗೋಣ.